ಶಸ್ತ್ರಚಿಕಿತ್ಸೆಯ ನಂತರದ ತೊಂದರೆ ಗುರುತಿಸದೆ ಹೋದಾಗ: ರೋಗಿಯ ಹಕ್ಕು, ಆಸ್ಪತ್ರೆಯ ಹೊಣೆ



ಆಪರೇಶನ್ ಚೆನ್ನಾಗಿಯೇ ಆಯಿತು ಎಂದು ವೈದ್ಯರು ಹೇಳುತ್ತಾರೆ. ಮನೆಯವರು ಕೃತಜ್ಞತೆಯ ಪೂಜೆ ಹೇಳಿಸುತ್ತಾರೆ. ಕೆಲವು ದಿನಗಳಲ್ಲಿ ಜ್ವರ ಬರುತ್ತದೆ, ಹೊಟ್ಟೆ ಉಬ್ಬುತ್ತದೆ, ನೋವು ಇಳಿಯುವ ಬದಲು ಏರುತ್ತದೆ. ಕೇಳಿದರೆ "ಆಪರೇಶನ್ ಆದ ಮೇಲೆ ನೋವು ಇದ್ದದ್ದೇ" ಎಂಬ ಉತ್ತರ ಸಿಗುತ್ತದೆ. ಮುಂದೆ ಬೇರೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ನಿಜ ಸಂಗತಿ ತಿಳಿಯುತ್ತದೆ. ಆಗ ಕುಟುಂಬದವರು ಧರ್ಮಗುರುಗಳ ಬಳಿ ಬಂದು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಫಾದರ್, ನಾವು ಕೇಸು ಹಾಕಬಹುದಾ? ಹಾಕಿದರೆ ತಪ್ಪಾ?"

ಧರ್ಮಕೇಂದ್ರಗಳ ಪಾಲನಾ ಮಂಡಳಿಯವರು, ವಾಳೆ ಗುರಿಕಾರರು, ಆರೋಗ್ಯ ಆಯೋಗದ ಕಾರ್ಯಕರ್ತರು ಮತ್ತು ನಮ್ಮ ಆಸ್ಪತ್ರೆಗಳಲ್ಲಿ ದುಡಿಯುವ ಧರ್ಮಭಗಿನಿಯರು ಈ ಪ್ರಶ್ನೆಗೆ ಸರಿಯಾದ ಮಾರ್ಗದರ್ಶನ ನೀಡುವಂತಾಗಲಿ ಎಂಬ ಉದ್ದೇಶದಿಂದ ಕಾನೂನಿನ ಮುಖ್ಯ ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿಗೆ ಹೋಗುವ ಮೊದಲು ಏನು ತಿಳಿದಿರಬೇಕು, ಏನನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು ಎಂಬುದನ್ನು ಇದು ಹೇಳುತ್ತದೆ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಶಸ್ತ್ರಚಿಕಿತ್ಸೆ ವಿಫಲವಾಯಿತು ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವುದಿಲ್ಲ. ರೋಗಿ ನೋವು ಹೇಳಿಕೊಂಡಾಗ ಯಾರಾದರೂ ಕೇಳಿದರೇ, ಪರೀಕ್ಷಿಸಿದರೇ, ಸಕಾಲದಲ್ಲಿ ಮುಂದಿನ ಹೆಜ್ಜೆ ಇಟ್ಟರೇ, ಅದನ್ನೆಲ್ಲ ಬರೆದಿಟ್ಟರೇ ಎಂಬುದನ್ನು ಅದು ನೋಡುತ್ತದೆ. ಹಾಗೆಯೇ ರೋಗಿ ತನ್ನ ನೋವನ್ನು ಸಕಾಲದಲ್ಲಿ ಹೇಳಿಕೊಂಡನೇ ಎಂಬುದನ್ನೂ ನೋಡುತ್ತದೆ.

ಯಾವ ತೊಂದರೆಗಳು ಗಮನಕ್ಕೆ ಬಾರದೆ ಹೋಗುತ್ತವೆ?

ಶಸ್ತ್ರಚಿಕಿತ್ಸೆಯ ನಂತರ ತಡವಾಗಿ ಗುರುತಿಸಲ್ಪಡುವ ತೊಂದರೆಗಳಲ್ಲಿ ಮುಖ್ಯವಾದವು ಇವು.

1. ಹೊಟ್ಟೆಯೊಳಗೆ ಉಳಿದುಹೋದ ಬಟ್ಟೆ ಅಥವಾ ಉಪಕರಣ. ರಕ್ತ ಒರೆಸಲು ಬಳಸುವ ಗಾಜ್ ಬಟ್ಟೆ ಒಳಗೇ ಉಳಿದರೆ ಕೆಲವರಿಗೆ ವಾರದೊಳಗೆ ಕೀವು, ಜ್ವರ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಸಣ್ಣ ನೋವಾಗಿಯೇ ಇರುತ್ತದೆ.

2. ಕರುಳಿನ ಜೋಡಣೆ ಸೋರುವುದು. ಕರುಳನ್ನು ಕತ್ತರಿಸಿ ಹೊಲಿದ ಜಾಗ ಕೆಲವು ದಿನಗಳ ನಂತರ ಬಿಟ್ಟುಕೊಳ್ಳಬಹುದು. ನಾಡಿ ಬಡಿತ ಏರುವುದು, ಜ್ವರ, ಹೊಟ್ಟೆ ಬಿಗಿಯಾಗುವುದು ಇದರ ಸೂಚನೆಗಳು. ತಡವಾದರೆ ಸೋಂಕು ರಕ್ತಕ್ಕೆ ಹರಡಿ ಜೀವಕ್ಕೇ ಅಪಾಯ.

3. ಪಿತ್ತನಾಳಕ್ಕೆ ಆದ ಗಾಯ. ಪಿತ್ತಕೋಶ ತೆಗೆದ ನಂತರ ಕಣ್ಣು, ಮೂತ್ರ ಹಳದಿಯಾದರೆ ಅಲಕ್ಷಿಸಬಾರದು.

4. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಮೀನಖಂಡದಲ್ಲಿ ನೋವು ಮತ್ತು ಬಾವು ಬಂದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಉಸಿರಾಟಕ್ಕೆ ಕಷ್ಟವಾಗುತ್ತದೆ.

5. ಪ್ಲಾಸ್ಟರ್ ಬಿಗಿಯಾಗಿ ಅಥವಾ ಸ್ನಾಯುಗಳಲ್ಲಿ ಒತ್ತಡ ಏರಿ ರಕ್ತಸಂಚಾರ ನಿಲ್ಲುವುದು. ಮೂಳೆ ಮುರಿತದ ಚಿಕಿತ್ಸೆಯ ನಂತರ ತಡೆಯಲಾರದ ನೋವು, ಬೆರಳು ಮರಗಟ್ಟುವುದು ಕಂಡರೆ ಗಂಟೆಗಳ ಲೆಕ್ಕದಲ್ಲಿ ಕ್ರಮ ಕೈಗೊಳ್ಳಬೇಕು.

6. ಓದದೆ ಉಳಿದ ಬಯಾಪ್ಸಿ ವರದಿ. ತೆಗೆದ ಅಂಗದ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ವರದಿ ಬರುವ ಹೊತ್ತಿಗೆ ರೋಗಿ ಮನೆಗೆ ಹೋಗಿರುತ್ತಾನೆ. ಅದರಲ್ಲಿ ಕ್ಯಾನ್ಸರ್ ಎಂದಿದ್ದರೂ ತಿಳಿಸುವವರು ಯಾರು, ಕೇಳುವವರು ಯಾರು ಎಂಬುದು ಖಚಿತವಿಲ್ಲದೆ ತಿಂಗಳುಗಳು ಕಳೆದುಹೋಗಬಹುದು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2015ರಲ್ಲಿ ಹೊರತಂದ ವರದಿಯೊಂದು ರೋಗನಿರ್ಣಯದ ತಪ್ಪು ಎಂದರೇನು ಎಂಬುದನ್ನು ವಿವರಿಸಿದೆ. ಅದರ ಪ್ರಕಾರ ಕಾಯಿಲೆಯನ್ನು ಸರಿಯಾಗಿ ಮತ್ತು ಸಕಾಲದಲ್ಲಿ ಗುರುತಿಸದಿರುವುದು ಮಾತ್ರ ತಪ್ಪಲ್ಲ. ಗುರುತಿಸಿದ್ದನ್ನು ರೋಗಿಗೆ ತಿಳಿಸದಿರುವುದೂ ತಪ್ಪೇ. ಕಪಾಟಿನಲ್ಲಿ ಉಳಿದ ಬಯಾಪ್ಸಿ ವರದಿ ಈ ಎರಡನೆಯ ಬಗೆಗೆ ಸೇರುತ್ತದೆ.

ತೊಡಕು ಬೇರೆ, ನಿರ್ಲಕ್ಷ್ಯ ಬೇರೆ

ಮೇಲೆ ಹೇಳಿದ ತೊಂದರೆಗಳಲ್ಲಿ ಹಲವು ಅತ್ಯಂತ ನುರಿತ ವೈದ್ಯರ ಕೈಯಲ್ಲೂ ಸಂಭವಿಸುತ್ತವೆ. ಹೊಲಿದ ಕರುಳು ಬಿಟ್ಟುಕೊಂಡಿತು ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ. ಆದರೆ ಎರಡು ದಿನ ಜ್ವರ, ನಾಡಿ ಬಡಿತ ಏರುತ್ತಲೇ ಇದ್ದರೂ ಯಾರೂ ಬಂದು ಹೊಟ್ಟೆ ಮುಟ್ಟಿ ನೋಡದಿದ್ದರೆ ಪ್ರಶ್ನೆ ಏಳುತ್ತದೆ.

1957ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಹೇಳಿದ, ಬೋಲಮ್ ನಿಯಮ ಎಂದು ಹೆಸರಾದ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು ಕೂಡ 2005ರ ಆಗಸ್ಟ್ 5ರ ಪ್ರಸಿದ್ಧ ತೀರ್ಪಿನಲ್ಲಿ ಒಪ್ಪಿಕೊಂಡಿದೆ. ಆ ವಿಭಾಗದ ಸಾಧಾರಣ ಕೌಶಲದ, ಜವಾಬ್ದಾರಿಯುತ ವೈದ್ಯನೊಬ್ಬ ಅದೇ ಸಂದರ್ಭದಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದನೇ ಎಂಬುದೇ ಆ ಅಳತೆ. ಅತ್ಯುತ್ತಮ ತಜ್ಞನ ಮಟ್ಟವನ್ನು ಎಲ್ಲರಿಂದಲೂ ಅಪೇಕ್ಷಿಸುವಂತಿಲ್ಲ. ಎರಡು ಒಪ್ಪಿತ ಚಿಕಿತ್ಸಾ ವಿಧಾನಗಳಲ್ಲಿ ಒಂದನ್ನು ಆರಿಸಿ ಅದು ಫಲಿಸದಿದ್ದರೆ ಅದು ನಿರ್ಲಕ್ಷ್ಯವಾಗುವುದಿಲ್ಲ.

ಆದ್ದರಿಂದ ದೂರುದಾರರು ಮೂರು ಸಂಗತಿಗಳನ್ನು ತೋರಿಸಬೇಕಾಗುತ್ತದೆ: ವೈದ್ಯರಿಗೆ ಅಥವಾ ಆಸ್ಪತ್ರೆಗೆ ರೋಗಿಯ ಬಗ್ಗೆ ಹೊಣೆ ಇತ್ತು, ಆ ಹೊಣೆಯಲ್ಲಿ ಅವರು ಲೋಪ ಎಸಗಿದರು, ಆ ಲೋಪದಿಂದಲೇ ಹಾನಿಯಾಯಿತು. ಮೂರನೆಯದೇ ಹೆಚ್ಚು ಕಷ್ಟ. ಕ್ಯಾನ್ಸರ್ ಮೂರು ತಿಂಗಳು ಮೊದಲೇ ತಿಳಿದಿದ್ದರೆ ಪರಿಣಾಮ ಬೇರೆಯಾಗುತ್ತಿತ್ತೇ ಎಂಬುದಕ್ಕೆ ಸಾಮಾನ್ಯವಾಗಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕಾಗುತ್ತದೆ. ಪ್ರತಿಯೊಂದು ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಲೇರಿಯಾ ಇದ್ದ ರೋಗಿಗೆ ಟೈಫಾಯ್ಡ್ ಎಂದು ಚಿಕಿತ್ಸೆ ನೀಡಿದ ಪ್ರಕರಣ ಅದು. ಲೋಪವು ಎದ್ದು ಕಾಣುವಂತಿದ್ದರೆ ಗ್ರಾಹಕ ನ್ಯಾಯಾಲಯವು ದಾಖಲೆಗಳ ಆಧಾರದ ಮೇಲೆಯೇ ತೀರ್ಮಾನಿಸಬಹುದು.

ಮೂರು ತೀರ್ಪುಗಳು, ಮೂರು ಪಾಠಗಳು

ಈ ವಿಷಯವನ್ನು ಅರ್ಥಮಾಡಿಕೊಳ್ಳಲು ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಸಹಾಯಕ. ಮೂರರಲ್ಲೂ ತೊಂದರೆ ಕಂಡದ್ದು ಶಸ್ತ್ರಚಿಕಿತ್ಸೆಯ ನಂತರವೇ. ಫಲಿತಾಂಶ ಮಾತ್ರ ಬೇರೆ ಬೇರೆ.

ಮೊದಲನೆಯದು ಮಹಾರಾಷ್ಟ್ರದ ಔರಂಗಾಬಾದಿನ ಸರಕಾರಿ ಆಸ್ಪತ್ರೆಯದು. 1963ರ ಜುಲೈ ತಿಂಗಳಲ್ಲಿ ಹೆರಿಗೆಯಾದ ತಾಯಿಯೊಬ್ಬರಿಗೆ ಅಲ್ಲಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ನಂತರ ಜ್ವರ, ತೀವ್ರ ನೋವು ಕಾಣಿಸಿತು. ಕೆಲವು ದಿನಗಳ ಮೇಲೆ ಹೊಟ್ಟೆಯನ್ನು ಮತ್ತೆ ತೆರೆದಾಗ ಒಳಗೆ ಬಟ್ಟೆ ಉಳಿದಿರುವುದು, ಕೀವು ತುಂಬಿರುವುದು ತಿಳಿಯಿತು. ಅದೇ ತಿಂಗಳು ಆ ತಾಯಿ ತೀರಿಕೊಂಡರು. ಕುಟುಂಬದವರು ಸಿವಿಲ್ ದಾವೆ ಹೂಡಿದರು. ಅಂತಿಮ ತೀರ್ಪು ಬಂದದ್ದು 1996ರಲ್ಲಿ. ಹೊಟ್ಟೆಯಲ್ಲಿ ಬಟ್ಟೆ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ, ತನ್ನ ನೌಕರರ ಲೋಪಕ್ಕೆ ಸರಕಾರವೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಕೆಳ ನ್ಯಾಯಾಲಯ ಕೊಟ್ಟಿದ್ದ 36,000 ರೂಪಾಯಿ ಪರಿಹಾರವನ್ನು ಎತ್ತಿ ಹಿಡಿಯಿತು. ನ್ಯಾಯ ಸಿಕ್ಕಿತು, ಆದರೆ 33 ವರ್ಷಗಳ ನಂತರ.

ಎರಡನೆಯದು ನೆರೆಯ ಗೋವಾದ ಸರಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರೊಬ್ಬರದು. 1993ರಲ್ಲಿ ಮುಂಬಯಿಯಲ್ಲಿ ಅವರಿಗೆ ಪಿತ್ತಕೋಶದ ಕಲ್ಲಿಗಾಗಿ ಶಸ್ತ್ರಚಿಕಿತ್ಸೆ ಆಯಿತು. ಬಳಿಕ ನೋವು ಇದ್ದೇ ಇತ್ತು. ನೋವಿನ ಮಾತ್ರೆ ನುಂಗುತ್ತಾ ದಿನ ದೂಡಿದರು. 2002ರಲ್ಲಿ ಸ್ಕ್ಯಾನ್ ಮಾಡಿಸಿ ಎರಡನೆಯ ಶಸ್ತ್ರಚಿಕಿತ್ಸೆ ಆದಾಗ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಸಿಕ್ಕಿತು. 2004ರಲ್ಲಿ ಅವರು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟರು. ಆದರೆ 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ದೂರನ್ನು ಕಾಲಮಿತಿ ಮೀರಿದೆ ಎಂದು ತಳ್ಳಿಹಾಕಿತು. ಹಾನಿ ತಕ್ಷಣ ಕಾಣದಿದ್ದರೆ ಅದು ತಿಳಿದುಬಂದ ದಿನದಿಂದ, ಇಲ್ಲವೆ ಸಾಮಾನ್ಯ ಎಚ್ಚರಿಕೆಯಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಕಾಲ ಎಣಿಸಬೇಕು ಎಂಬ ತತ್ವವನ್ನು ನ್ಯಾಯಾಲಯ ಒಪ್ಪಿತು. ಆದರೆ ಶಸ್ತ್ರಚಿಕಿತ್ಸೆಯ ನಂತರ ನೋವಿದ್ದವರು ಆ ವೈದ್ಯರನ್ನೋ ಬೇರೊಬ್ಬ ವೈದ್ಯರನ್ನೋ ಕಾಣಬೇಕಿತ್ತು, ದಾದಿಯಾಗಿ ಅನುಭವವಿದ್ದವರು ಒಂಬತ್ತು ವರ್ಷ ಸುಮ್ಮನಿದ್ದುದು ಸರಿಯಲ್ಲ ಎಂದು ಹೇಳಿತು.

ಈ ತೀರ್ಪು ನಮ್ಮ ಕರಾವಳಿಯ ಜನರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ರಜೆಯಲ್ಲಿ ಊರಿಗೆ ಬಂದು ಆಪರೇಶನ್ ಮಾಡಿಸಿ, ಹೊಲಿಗೆ ಒಣಗುವ ಮೊದಲೇ ಗಲ್ಫಿಗೆ ಮರಳುವವರು ನಮ್ಮಲ್ಲಿ ಇದ್ದಾರೆ. ಅಲ್ಲಿ ನೋವು ಕಂಡರೆ ಮುಂದಿನ ರಜೆಗೆ ನೋಡೋಣ ಎಂದು ಮಾತ್ರೆ ನುಂಗುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಕಾನೂನಿನ ಹಕ್ಕಿಗೂ ಒಳ್ಳೆಯದಲ್ಲ. ಅಲ್ಲಿಯೇ ವೈದ್ಯರನ್ನು ಕಂಡು ಚೀಟಿ ಇಟ್ಟುಕೊಳ್ಳಬೇಕು. ಆಪರೇಶನ್ ಮಾಡಿದ ವೈದ್ಯರಿಗೆ ಇಮೇಲ್ ಮೂಲಕವಾದರೂ ತಿಳಿಸಬೇಕು.

ಮೂರನೆಯದು ಬಾಂಬೆ ಹಾಸ್ಪಿಟಲ್ ಪ್ರಕರಣ. 1998ರ ಏಪ್ರಿಲಿನಲ್ಲಿ ಅಲ್ಲಿ ರೋಗಿಯೊಬ್ಬರ ಹೊಟ್ಟೆಯ ಮಹಾರಕ್ತನಾಳದ ಶಸ್ತ್ರಚಿಕಿತ್ಸೆ ನಡೆಯಿತು. ಮರುದಿನ ಕಾಲುಗಳು ತಣ್ಣಗಾದವು. ರಕ್ತನಾಳ ಪರೀಕ್ಷೆಯ ಯಂತ್ರ ಕೆಟ್ಟಿತ್ತು, ಪರೀಕ್ಷೆ ತಡವಾಯಿತು, ಶಸ್ತ್ರಚಿಕಿತ್ಸಕರು ಬಳಿಯಲ್ಲಿರಲಿಲ್ಲ ಎಂಬುದು ಕುಟುಂಬದ ಆರೋಪ. ರೋಗಿ ಜೂನ್ ತಿಂಗಳಲ್ಲಿ ತೀರಿಕೊಂಡರು. ರಾಷ್ಟ್ರೀಯ ಆಯೋಗ 14 ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಕೊಡಿಸಿತು. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಪರ್ಯಾಯ ಪರೀಕ್ಷೆ ನಡೆದಿತ್ತು, ಅದೇ ದಿನ ಎರಡನೆಯ ಶಸ್ತ್ರಚಿಕಿತ್ಸೆಯೂ ನಡೆದಿತ್ತು, ಇತರ ತಜ್ಞರು ನೋಡಿದ್ದರು. ವೈದ್ಯರು ರೋಗಿಯ ಹಾಸಿಗೆಯ ಪಕ್ಕದಲ್ಲೇ ಸದಾ ಇರಬೇಕೆಂದು ಅಪೇಕ್ಷಿಸಲಾಗದು, ಪ್ರತಿಯೊಂದು ಸಾವೂ ನಿರ್ಲಕ್ಷ್ಯದ ಫಲವಲ್ಲ ಎಂಬುದು ನ್ಯಾಯಾಲಯದ ನಿಲುವು. ಕುಟುಂಬಕ್ಕೆ ಮೊದಲೇ ಸಂದಿದ್ದ 5 ಲಕ್ಷ ರೂಪಾಯಿಯನ್ನು ಹಿಂದಕ್ಕೆ ಪಡೆಯದೆ ಬಿಡಲಾಯಿತು.

ಈ ಮೂರನ್ನು ಒಟ್ಟಿಗೆ ಓದಿದರೆ ದಾರಿ ಸ್ಪಷ್ಟವಾಗುತ್ತದೆ. ಎದ್ದು ಕಾಣುವ ಲೋಪಕ್ಕೆ ಆಸ್ಪತ್ರೆ ಹೊಣೆ. ಸಕಾಲದಲ್ಲಿ ಕ್ರಮ ಕೈಗೊಂಡ ಆಸ್ಪತ್ರೆಗೆ ರಕ್ಷಣೆ ಉಂಟು. ಸುಮ್ಮನಿದ್ದ ರೋಗಿಗೆ, ಹೊಟ್ಟೆಯಲ್ಲಿ ಬಟ್ಟೆ ಸಿಕ್ಕರೂ, ಪರಿಹಾರ ತಪ್ಪಬಹುದು.

ಗ್ರಾಹಕ ಕಾನೂನು ಮತ್ತು ಧರ್ಮಾರ್ಥ ಆಸ್ಪತ್ರೆಗಳು

ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರ ನವೆಂಬರ್ 13ರಂದು ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ ಪ್ರಕರಣದಲ್ಲಿ ತೀರ್ಪು ನೀಡಿತು. ಆಗಿನ 1986ರ ಕಾನೂನಿನ ಬದಲಿಗೆ 2020ರ ಜುಲೈಯಿಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಾರಿಯಲ್ಲಿದೆ. ಹೊಸ ಕಾಯಿದೆಯಲ್ಲಿ ಆರೋಗ್ಯ ಸೇವೆಯ ಹೆಸರಿಲ್ಲ, ಆದ್ದರಿಂದ ವೈದ್ಯರು ಅದರಡಿ ಬರುವುದಿಲ್ಲ ಎಂಬ ವಾದವನ್ನು 2022ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2024ರ ಮೇ ತಿಂಗಳಲ್ಲಿ ವಕೀಲರ ಸೇವೆಯ ಕುರಿತ ಪ್ರಕರಣವೊಂದರಲ್ಲಿ 1995ರ ತೀರ್ಪನ್ನು ಮರುಪರಿಶೀಲಿಸಬೇಕೆಂಬ ಮಾತು ಬಂತು. ಅದರ ಅಗತ್ಯವಿಲ್ಲವೆಂದು ಅದೇ ವರ್ಷ ನವೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಹೇಳಿತು.

ಧರ್ಮಸಭೆಯ ಸಂಸ್ಥೆಗಳು ಗಮನಿಸಬೇಕಾದ ಅಂಶ ಇಲ್ಲಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆ, ಅದು ಸರಕಾರದ್ದಿರಲಿ ಖಾಸಗಿಯಿರಲಿ, ಗ್ರಾಹಕ ಕಾನೂನಿನಿಂದ ಹೊರಗಿದೆ. ಹೆಸರು ನೋಂದಣಿಗೆ ಸಣ್ಣ ಶುಲ್ಕ ಪಡೆದ ಮಾತ್ರಕ್ಕೆ ಇದು ಬದಲಾಗದು. ಆದರೆ ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ, ಉಚಿತ ಚಿಕಿತ್ಸೆ ಪಡೆದ ಬಡ ರೋಗಿಯೂ ಗ್ರಾಹಕನೇ. ನಮ್ಮ ಬಹುತೇಕ ಮಿಶನ್ ಆಸ್ಪತ್ರೆಗಳು ಈ ಬಗೆಯವು. ಧರ್ಮಾರ್ಥವಾಗಿ ನೋಡಿದ್ದೇವೆ, ಆದ್ದರಿಂದ ಪ್ರಶ್ನಿಸುವಂತಿಲ್ಲ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಸುವಾರ್ತೆಯಲ್ಲಿಯೂ ಇಲ್ಲ ಎಂದು ನಾವು ಸೇರಿಸುತ್ತೇವೆ.

ಪೂರ್ತಿ ಉಚಿತವಾದ ಸರಕಾರಿ ಆಸ್ಪತ್ರೆಯ ವಿರುದ್ಧ ಸಿವಿಲ್ ನ್ಯಾಯಾಲಯದ ದಾರಿ ತೆರೆದೇ ಇದೆ. ಮೇಲೆ ಹೇಳಿದ 1996ರ ತೀರ್ಪು ಅದಕ್ಕೆ ಉದಾಹರಣೆ. ಯಾವ ವೈದ್ಯರಿಂದ ಲೋಪವಾಯಿತು ಎಂಬುದು ಖಚಿತವಿಲ್ಲದಿದ್ದರೂ ಆಸ್ಪತ್ರೆಯನ್ನೇ ಪ್ರತಿವಾದಿಯನ್ನಾಗಿ ಮಾಡಬಹುದು, ತನ್ನ ಕಡೆಯಿಂದ ಲೋಪವಾಗಿಲ್ಲ ಎಂದು ವಿವರಿಸುವ ಹೊಣೆ ಆಸ್ಪತ್ರೆಯದು ಎಂದು 2004ರ ತೀರ್ಪೊಂದು ಹೇಳಿದೆ.

ದೂರು ಎಲ್ಲಿ, ಎಷ್ಟು ಸಮಯದೊಳಗೆ?

ಕಾಲಮಿತಿ ಎರಡು ವರ್ಷ. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗವು ವಿನಾಯಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ.

ಯಾವ ಆಯೋಗಕ್ಕೆ ಹೋಗಬೇಕು ಎಂಬುದು ಚಿಕಿತ್ಸೆಗೆ ಕೊಟ್ಟ ಹಣವನ್ನು ಅವಲಂಬಿಸಿದೆ, ಕೇಳುವ ಪರಿಹಾರವನ್ನಲ್ಲ. 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿವರೆಗೆ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗ, ಅದಕ್ಕೂ ಹೆಚ್ಚಾದರೆ ದೆಹಲಿಯ ರಾಷ್ಟ್ರೀಯ ಆಯೋಗ. ಆದ್ದರಿಂದ ನಮ್ಮವರ ಹೆಚ್ಚಿನ ದೂರುಗಳು ಮಂಗಳೂರು, ಉಡುಪಿ, ಕಾರವಾರದ ಜಿಲ್ಲಾ ಆಯೋಗಗಳಲ್ಲೇ ಸಲ್ಲುತ್ತವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

2019ರ ಕಾಯಿದೆಯ ಒಂದು ಒಳ್ಳೆಯ ಬದಲಾವಣೆಯೆಂದರೆ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದಲ್ಲೇ ದೂರು ಸಲ್ಲಿಸಬಹುದು. ಮುಂಬಯಿಯಲ್ಲಿ ಆಪರೇಶನ್ ಮಾಡಿಸಿದ ಕುಂದಾಪುರದವರು ಉಡುಪಿಯಲ್ಲೇ ದೂರು ಕೊಡಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರಕಾರಿ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿದೆ. ವಕೀಲರಿಲ್ಲದೆ ತಾವೇ ವಾದಿಸುವುದಕ್ಕೂ ಅವಕಾಶವಿದೆ. ಆದರೆ ವೈದ್ಯಕೀಯ ಪ್ರಕರಣಗಳಲ್ಲಿ ಅನುಭವಿ ವಕೀಲರ ನೆರವು ಪಡೆಯುವುದು ಒಳ್ಳೆಯದು. ರೋಗಿ ತೀರಿಕೊಂಡಿದ್ದರೆ ವಾರಸುದಾರರು, ಮಗುವಾಗಿದ್ದರೆ ತಂದೆತಾಯಿ ದೂರುದಾರರಾಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ಗ್ರಾಹಕ ಆಯೋಗಗಳು ಕೆಲವು ವ್ಯಾಜ್ಯಗಳನ್ನು ರಾಜಿ ಸಂಧಾನಕ್ಕೆ ಕಳುಹಿಸುತ್ತವೆ. ಸಾವು ಅಥವಾ ತೀವ್ರ ಹಾನಿಯಾದ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳನ್ನು ಹಾಗೆ ಕಳುಹಿಸುವಂತಿಲ್ಲ ಎಂದು 2020ರ ನಿಯಮಗಳು ಹೇಳುತ್ತವೆ.

ಪೊಲೀಸ್ ದೂರು ಮತ್ತು ವೈದ್ಯಕೀಯ ಪರಿಷತ್ತು

ದುಃಖದ ಭರದಲ್ಲಿ ಅನೇಕರು ಮೊದಲು ಪೊಲೀಸ್ ಠಾಣೆಗೆ ಓಡುತ್ತಾರೆ. ಕ್ರಿಮಿನಲ್ ಪ್ರಕರಣಕ್ಕೆ ಸಾಮಾನ್ಯ ನಿರ್ಲಕ್ಷ್ಯ ಸಾಲದು, ಅತಿ ಘೋರವಾದ ನಿರ್ಲಕ್ಷ್ಯ ಇರಬೇಕು ಎಂದು 2005ರ ತೀರ್ಪು ಸ್ಪಷ್ಟಪಡಿಸಿದೆ. ತನಿಖಾಧಿಕಾರಿ ಮೊದಲು ಇನ್ನೊಬ್ಬ ಅರ್ಹ ವೈದ್ಯರ, ಮೇಲಾಗಿ ಸರಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು. ವೈದ್ಯರನ್ನು ಸುಮ್ಮನೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಈ ದಾರಿಯಿಂದ ಕುಟುಂಬಕ್ಕೆ ಪರಿಹಾರಧನ ಸಿಗುವುದು ಅಪರೂಪ.

ವೈದ್ಯರ ವೃತ್ತಿ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಪರಿಷತ್ತು ಎಚ್ಚರಿಕೆ ನೀಡಬಹುದು, ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆಯಬಹುದು, ಪರಿಹಾರಧನ ಕೊಡಿಸುವುದಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲು, ದಾಖಲೆ, ರೋಗಿಗಳ ಹಕ್ಕುಗಳ ಬಗೆಗಿನ ತಕರಾರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಕೊಂಡೊಯ್ಯಬಹುದು.

ಆಸ್ಪತ್ರೆಗೆ ನುಗ್ಗಿ ಗಲಾಟೆ ಮಾಡುವುದು, ಸಿಬ್ಬಂದಿಯ ಮೇಲೆ ಕೈ ಮಾಡುವುದು ಕರ್ನಾಟಕದಲ್ಲಿ 2009ರ ವಿಶೇಷ ಕಾನೂನಿನಡಿ ಶಿಕ್ಷಾರ್ಹ ಅಪರಾಧ. ವಾಟ್ಸಾಪಿನಲ್ಲಿ ವೈದ್ಯರ ಹೆಸರು, ಭಾವಚಿತ್ರ ಹಾಕಿ ಕೊಲೆಗಾರ ಎಂದು ಬರೆಯುವುದರಿಂದ ನ್ಯಾಯ ಸಿಗುವ ಬದಲು ಮಾನನಷ್ಟದ ಮೊಕದ್ದಮೆ ಮೈಮೇಲೆ ಬರಬಹುದು.

ಕೈಯಲ್ಲಿ ಇರಬೇಕಾದ ಕಾಗದಪತ್ರಗಳು

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಇಂದಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಆದ್ದರಿಂದ ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು.

ಕೇಳಬೇಕಾದುವು: ಪೂರ್ತಿ ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ಟಿಪ್ಪಣಿ, ದಾದಿಯರು ಬರೆದ ಜ್ವರ ಮತ್ತು ನಾಡಿಯ ಪಟ್ಟಿ, ಒಪ್ಪಿಗೆ ಪತ್ರ, ಸ್ಕ್ಯಾನ್ ಮತ್ತು ಎಕ್ಸ್‌ರೇ ಫಿಲ್ಮುಗಳು, ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು. ದಾದಿಯರ ಪಟ್ಟಿಯನ್ನು ಮರೆಯಬಾರದು. ಜ್ವರ ಯಾವ ದಿನ ಏರಿತು, ವೈದ್ಯರಿಗೆ ಯಾವಾಗ ತಿಳಿಸಲಾಯಿತು ಎಂಬುದು ಅದರಲ್ಲಿಯೇ ಇರುತ್ತದೆ.

ಇದರೊಂದಿಗೆ ಮನೆಯವರು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ರೋಗಿ ಹೇಳಿದ ನೋವು, ಯಾರಿಗೆ ತಿಳಿಸಿದೆವು, ಏನು ಉತ್ತರ ಬಂತು ಎಂಬುದನ್ನು ಬರೆದಿಡಬೇಕು. ಎರಡನೆಯ ಆಸ್ಪತ್ರೆಯಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಆದರೆ ಅಲ್ಲಿ ಕಂಡುಬಂದದ್ದನ್ನು ಸ್ಪಷ್ಟವಾಗಿ ಬರೆಯುವಂತೆ ವಿನಂತಿಸಬೇಕು. ಮನೆಗೆ ಹೊರಡುವ ಮೊದಲು ಒಂದು ಪ್ರಶ್ನೆ ತಪ್ಪದೆ ಕೇಳಬೇಕು: "ಬಯಾಪ್ಸಿಗೆ ಕಳುಹಿಸಿದ್ದೀರಾ? ವರದಿ ಯಾವಾಗ, ಯಾರಿಂದ ಸಿಗುತ್ತದೆ?"

ಸಂಶಯಾಸ್ಪದ ಸಾವಿನಲ್ಲಿ ಮರಣೋತ್ತರ ಪರೀಕ್ಷೆಯ ಪ್ರಶ್ನೆ ಬರುತ್ತದೆ. ದಫನದ ನಂತರ ಕಾರಣ ಕಂಡುಹಿಡಿಯುವುದು ಬಹಳ ಕಷ್ಟ. ದೇಹವನ್ನು ಕೊಯ್ಯುವುದು ಪಾಪವೆಂಬ ಭಾವನೆ ನಮ್ಮ ಕೆಲವು ಹಿರಿಯರಲ್ಲಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2301ನೇ ಪರಿಚ್ಛೇದದಂತೆ ಕಾನೂನಿನ ತನಿಖೆಗಾಗಿ ಅಥವಾ ವೈಜ್ಞಾನಿಕ ಅಧ್ಯಯನಕ್ಕಾಗಿ ಮರಣೋತ್ತರ ಪರೀಕ್ಷೆ ನೈತಿಕವಾಗಿ ಒಪ್ಪಿತ. ಧರ್ಮಗುರುಗಳು ಇದನ್ನು ಆ ಹೊತ್ತಿನಲ್ಲೇ ಶಾಂತವಾಗಿ ತಿಳಿಸಿದರೆ ಕುಟುಂಬಕ್ಕೆ ಉಪಕಾರ.

ನಮ್ಮ ಆಸ್ಪತ್ರೆಗಳಿಗೆ ಒಂದು ಮಾತು

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಔಷಧ ಕೊಡಲು ಆರಂಭಿಸಿದಂದಿನಿಂದ ರೋಗಿಗಳ ಸೇವೆ ನಮ್ಮ ಕರಾವಳಿಯ ಧರ್ಮಸಭೆಯ ಗುರುತಾಗಿದೆ. ಈ ವಿಶ್ವಾಸವನ್ನು ಉಳಿಸುವುದು ಹೊಸ ಕಟ್ಟಡಗಳಿಗಿಂತ ಮುಖ್ಯ.

ತಡೆಯುವ ದಾರಿಗಳು ದುಬಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷಾ ಪಟ್ಟಿಯೊಂದನ್ನು ಹೊರತಂದಿತು. ರೋಗಿ ಥಿಯೇಟರಿನಿಂದ ಹೊರಹೋಗುವ ಮೊದಲು ಬಟ್ಟೆ, ಸೂಜಿ, ಉಪಕರಣಗಳ ಲೆಕ್ಕ ಸರಿಯಾಗಿದೆಯೇ ಎಂದು ಗಟ್ಟಿಯಾಗಿ ಹೇಳಿ ಖಚಿತಪಡಿಸುವುದು ಅದರಲ್ಲಿ ಸೇರಿದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪಟ್ಟಿಯ ಬಳಕೆಯ ನಂತರ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದವು. ಪಟ್ಟಿ ಗೋಡೆಯ ಮೇಲಿದ್ದರೆ ಸಾಲದು. ಲೆಕ್ಕ ತಪ್ಪಿದೆ ಎಂದು ಹಿರಿಯ ಶಸ್ತ್ರಚಿಕಿತ್ಸಕರಿಗೆ ಹೇಳುವ ಧೈರ್ಯ ಚಿಕ್ಕ ದಾದಿಗೂ ಇರಬೇಕು.

ಲೋಪವಾದಾಗ ಏನು ಮಾಡಬೇಕು? ಮೌನವಾಗಿರಿ, ಏನನ್ನೂ ಒಪ್ಪಿಕೊಳ್ಳಬೇಡಿ ಎಂಬ ಸಲಹೆ ಆಸ್ಪತ್ರೆಗಳಿಗೆ ಸಿಗುವುದುಂಟು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಬೇರೆ ದಾರಿ ಹಿಡಿದವು: ನಡೆದುದನ್ನು ರೋಗಿಗೆ ತಿಳಿಸುವುದು, ತಪ್ಪಿದ್ದರೆ ಕ್ಷಮೆ ಕೇಳಿ ಪರಿಹಾರ ಕೊಡುವುದು, ತಪ್ಪಿಲ್ಲದಿದ್ದರೆ ವೈದ್ಯರ ಪರ ನಿಲ್ಲುವುದು. ಇದರಿಂದ ಮೊಕದ್ದಮೆಗಳು ಹೆಚ್ಚಲಿಲ್ಲ, ಕಡಿಮೆಯಾದವು ಎಂದು 2010ರ ಅಧ್ಯಯನ ತೋರಿಸಿತು. ಸತ್ಯ ಹೇಳುವುದನ್ನು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುವ ನಾವು ನಮ್ಮ ಸಂಸ್ಥೆಗಳ ಕಛೇರಿಗಳಲ್ಲಿ ಅದನ್ನು ಬಿಟ್ಟುಬಿಡುವಂತಿಲ್ಲ.

ಕೇಸು ಹಾಕುವುದು ತಪ್ಪೇ?

ಆರಂಭದ ಪ್ರಶ್ನೆಗೆ ಈಗ ಉತ್ತರಿಸೋಣ. ನ್ಯಾಯ ಕೇಳುವುದು ಪಾಪವಲ್ಲ. ಕ್ಷಮೆ ಮತ್ತು ಪರಿಹಾರ ಒಂದಕ್ಕೊಂದು ವಿರುದ್ಧವೂ ಅಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ಪಡೆದವನೂ ಕದ್ದದ್ದನ್ನು ಹಿಂದಿರುಗಿಸಬೇಕು, ಮಾಡಿದ ಹಾನಿಯನ್ನು ತುಂಬಿಕೊಡಬೇಕು ಎಂದೇ ಧರ್ಮಸಭೆ ಬೋಧಿಸುತ್ತದೆ. ದುಡಿಯುವ ಮಗನನ್ನು ಕಳೆದುಕೊಂಡ ತಾಯಿ ವೈದ್ಯರನ್ನು ಮನಸಾರೆ ಕ್ಷಮಿಸಬಹುದು. ಅದೇ ವೇಳೆ ಮೊಮ್ಮಕ್ಕಳ ಶಾಲೆಯ ಖರ್ಚಿಗಾಗಿ ಪರಿಹಾರವನ್ನೂ ಕೇಳಬಹುದು. ಸೇಡಿಗಾಗಿ, ಇಲ್ಲದ್ದನ್ನು ಸೃಷ್ಟಿಸಿ, ಹಣ ಕೀಳುವ ಆಸೆಯಿಂದ ದೂರು ಕೊಡುವುದು ಬೇರೆ ವಿಷಯ, ಅದು ಸುಳ್ಳುಸಾಕ್ಷಿ.

ಧರ್ಮಕೇಂದ್ರದ ಕಾರ್ಯಕರ್ತರಲ್ಲಿ ನಮ್ಮ ವಿನಂತಿ ಇಷ್ಟೆ. ನೊಂದ ಕುಟುಂಬಕ್ಕೆ "ಎಲ್ಲಾ ದೇವರ ಚಿತ್ತ, ಸುಮ್ಮನಿರಿ" ಎಂದು ಅವಸರದಲ್ಲಿ ಹೇಳಬೇಡಿ. ಲೆಕ್ಕ ಮಾಡದೆ ಬಿಟ್ಟ ಬಟ್ಟೆ, ಓದದೆ ಇಟ್ಟ ವರದಿ ದೇವರ ಚಿತ್ತವಲ್ಲ. ಹಾಗೆಯೇ "ಡಾಕ್ಟರನ್ನು ಬಿಡಬೇಡಿ" ಎಂದು ಹುರಿದುಂಬಿಸಲೂ ಬೇಡಿ. ಮೊದಲು ರೋಗಿ ಇನ್ನೊಬ್ಬ ವೈದ್ಯರನ್ನು ಕಾಣುವಂತೆ ಮಾಡಿ. ಕಾಗದಪತ್ರ ಕೇಳಲು ಅರ್ಜಿ ಬರೆದುಕೊಡಿ. ಆಸ್ಪತ್ರೆಯ ಮುಖ್ಯಸ್ಥರೊಡನೆ ಮಾತುಕತೆಗೆ ಜೊತೆಯಲ್ಲಿ ಹೋಗಿ. ಎರಡು ವರ್ಷದ ಗಡುವನ್ನು ನೆನಪಿಸಿ. ಅನುಭವಿ ವಕೀಲರ ಪರಿಚಯ ಮಾಡಿಕೊಡಿ.

ರೋಗಿಗಳ ಭೇಟಿಗೆ ಹೋಗುವ ಧರ್ಮಗುರುಗಳು, ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆಯವರು ಆಪರೇಶನ್ ಆದವರ ಮನೆಗೆ ವಾರದ ಬಳಿಕ ಇನ್ನೊಮ್ಮೆ ಹೋಗುವ ರೂಢಿ ಇಟ್ಟುಕೊಂಡರೆ ಬಹಳ ಒಳ್ಳೆಯದು. ಜ್ವರ ಇದೆಯೇ, ಹೊಟ್ಟೆ ಉಬ್ಬಿದೆಯೇ, ಕಾಲು ಊದಿದೆಯೇ, ವರದಿ ಬಂತೇ ಎಂದು ಕೇಳಲು ವೈದ್ಯರೇ ಆಗಬೇಕೆಂದಿಲ್ಲ. ದಯಾಳು ಸಮಾರಿತನು ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿ ತನ್ನ ಕೆಲಸ ಮುಗಿಯಿತೆಂದು ಹೋಗಲಿಲ್ಲ, ಮತ್ತೆ ಬಂದು ವಿಚಾರಿಸುವ ಮಾತು ಕೊಟ್ಟೇ ಹೋದನು. ಪ್ರತಿ ವರ್ಷ ಫೆಬ್ರವರಿ 11ರಂದು ನಾವು ಆಚರಿಸುವ ವಿಶ್ವ ರೋಗಿಗಳ ದಿನದಂದು ಧರ್ಮಕೇಂದ್ರಗಳಲ್ಲಿ ಈ ವಿಷಯದ ಬಗ್ಗೆ ಒಬ್ಬ ವೈದ್ಯರಿಂದಲೂ ಒಬ್ಬ ವಕೀಲರಿಂದಲೂ ಮಾಹಿತಿ ಕೊಡಿಸಬಹುದು. ವಾಳೆಯ ಸಭೆಗಳಲ್ಲಿ ಈ ಲೇಖನವನ್ನು ಓದಿ ಚರ್ಚಿಸಬಹುದು.

ವ್ಯಾಧಿಸ್ಥರ ಆರೋಗ್ಯಮಾತೆಯು ನಮ್ಮ ರೋಗಿಗಳನ್ನೂ ಅವರ ಸೇವೆಯಲ್ಲಿರುವ ವೈದ್ಯರು, ದಾದಿಯರನ್ನೂ ಕಾಪಾಡಲಿ.